ಮುಚ್ಚಳದೊಳಗಿನ ಎರಡನೇ ಗುರುತು

"ಬೆಲೆಚೀಟಿ ಆಮೇಲೆ ನೋಡೋರಂತೆ ಮೇಡಂ. ಮೊದಲು ಕೈಗೆ ಹಾಕ್ಕೊಳ್ಳಿ," ಅಂದ ವಾಚಿನಂಗಡಿಯ ಮುದುಕ ನ್ಯುಮಾ ವುಯೆಮಿಯೇ.

ಹಸಿರು ಬಟ್ಟೆ ಹಾಸಿದ ತಟ್ಟೆಯಲ್ಲಿ ಮೂರು ವಾಚು ಕೂತಿದ್ದವು. ಮೂರೂ ನೀರಿಗಿಳಿಯುವವರ ವಾಚು. ಮೂರೂ ಕೀ ಕೊಡದೆ, ಕೈಯಾಡಿದ ಹಾಗೆಲ್ಲ ತಾವೇ ಸುತ್ತಿಕೊಂಡು ಓಡುವಂಥವು. ಒಂದಕ್ಕೆ ಆರುನೂರ ತೊಂಬತ್ತು ಫ್ರಾಂಕ್, ಇನ್ನೊಂದಕ್ಕೆ ಸಾವಿರದ ಇನ್ನೂರು, ಕೊನೆಯದಕ್ಕೆ ಎರಡು ಸಾವಿರದ ಒಂಬೈನೂರು. ಸೊಲಾಂಜ್ ಗಿನ್‌ಶಾರ್ ಕಣ್ಣಿಗೆ ಮೂರೂ ಒಂದೇ ಥರ ಕಂಡವು. ಹತ್ತೊಂಬತ್ತು ವರ್ಷ ಪತ್ತೆ ಕೆಲಸ ಮಾಡಿದವಳಿಗೆ ಇದು ಹೇಳಿಕೊಳ್ಳುವಂಥ ವಿಷಯವಲ್ಲ.

ನಾಲ್ಕನೆಯದೊಂದು ಅವಳ ಕೋಟಿನ ಜೇಬಿನಲ್ಲಿತ್ತು, ಠಾಣೆಯ ಮುದ್ರೆ ಬಿದ್ದ ಪ್ಲಾಸ್ಟಿಕ್ ಚೀಲದಲ್ಲಿ. ಕಳೆದ ಬುಧವಾರ ಯಾರೋ ಗಾಳಿಯ ಕೊಳವೆ ಕೊಯ್ದು ಸರೋವರದಲ್ಲಿ ಮುಳುಗಿಸಿದ ಡೈವಿಂಗ್ ಗುರು ಗಾಸ್ಪಾರನ ವಾಚು ಅದು. ನೀರು ನುಗ್ಗಿ ಸರಿಯಾಗಿ ನಾಲ್ಕು ಹತ್ತಕ್ಕೆ ನಿಂತಿತ್ತು.

ನಾಲ್ಕು ಹತ್ತಕ್ಕೆ ಅವನ ಜೊತೆ ದೋಣಿಯಲ್ಲಿದ್ದವಳು ಶಿಷ್ಯೆ ಎಲೋಡಿ ಒಬ್ಬಳೇ. ಐದಕ್ಕೆ ನಾನು ಸೈಕಲ್ ಹತ್ತಿ ಮನೆಗೆ ಹೋದೆ, ಆಗ ಗುರುಗಳು ದಡದಲ್ಲಿ ನಿಂತು ಕೈ ಬೀಸಿದರು ಅಂತ ಆ ಹುಡುಗಿ ಅತ್ತುಕೊಂಡು ಹೇಳುತ್ತಿದ್ದಾಳೆ. ಯಾರು ನಂಬುತ್ತಾರೆ? ವಾಚು ಬೇರೆಯೇ ಹೇಳುತ್ತಿದೆ. ಮಧ್ಯಾಹ್ನ ಎರಡಕ್ಕೆ ಅವಳನ್ನು ಕೊಲೆ ಆರೋಪದ ಮೇಲೆ ನ್ಯಾಯಾಧೀಶರ ಮುಂದೆ ನಿಲ್ಲಿಸುವುದಿತ್ತು. ಈಗ ಹನ್ನೊಂದೂಕಾಲು.

ಸೊಲಾಂಜ್‌ಗೆ ಆ ಅಳು ಸುಳ್ಳು ಅನ್ನಿಸಿರಲಿಲ್ಲ. ಅನ್ನಿಸಲಿಲ್ಲ ಅನ್ನೋದನ್ನ ಕಾಗದದ ಮೇಲೆ ಬರೆದು ಕೊಡೋಕಾಗುತ್ತಾ? ಗಾಸ್ಪಾರನ ಮನೆಯಲ್ಲಿ ಸಿಕ್ಕ ಗ್ಯಾರಂಟಿ ಕಾರ್ಡಿನ ಮೇಲೆ ಈ ಬೆಟ್ಟದೂರಿನ ಅಂಗಡಿಯ ಹೆಸರಿತ್ತು, ಹತ್ತಿ ಬಂದಿದ್ದಳು. ತಾನು ಯಾರೆಂದು ಇನ್ನೂ ಹೇಳಿರಲಿಲ್ಲ. ಈ ಕಡೆ ವಾಚಿನ ಜನ ಪೊಲೀಸರು ಅಂದರೆ ಬಾಯಿ ಹೊಲಿದುಕೊಳ್ಳುತ್ತಾರೆ, ಗಿರಾಕಿ ಅಂದರೆ ಮಾತು ನಿಲ್ಲಿಸುವುದೇ ಇಲ್ಲ.

"ಯಾರಿಗೆ ಅಂದ್ರಿ?"

"ನಮ್ಮಣ್ಣ ಎಮಿಲ್‌ಗೆ. ರೈಲ್ವೆ ಕೆಲಸದಿಂದ ನಿವೃತ್ತಿ ಆದ. ಈಗ ದಿನಾ ಬೆಳಿಗ್ಗೆ ಸರೋವರದಲ್ಲಿ ಬಿದ್ದಿರ್ತಾನೆ, ಎಮ್ಮೆ ಥರ."

ಇದೂ ಸುಳ್ಳಲ್ಲ. ಅಣ್ಣನಿಗೆ ಏನಾದರೂ ಕೊಡಬೇಕೆಂದು ಚಳಿಗಾಲದಿಂದ ಅಂದುಕೊಳ್ಳುತ್ತಲೇ ಇದ್ದಳು.

"ಹಿಂದೆ ಯಾವತ್ತಾದ್ರೂ ವಾಚು ಆರಿಸಿದ್ದೀರಾ?"

"ಒಂದೇ ಸಲ. ನಮ್ಮ ಸಾಹೇಬರಿಗೆ ಇಪ್ಪತ್ತೈದು ವರ್ಷ ಸರ್ವೀಸ್ ತುಂಬಿದಾಗ. ದುಡ್ಡು ಎಲ್ಲರದು, ತಲೆನೋವು ನಂದು. ಆ ಮನುಷ್ಯ ಎಡಚ ಬೇರೆ, ಬಲಗೈಗೆ ಕಟ್ಟೋದು. ಕೀ ಕೊಡೋ ಗುಂಡಿ ಎಡಗಡೆ ಇರೋದೇ ಬೇಕು ಅಂತ ಮೂರು ಊರು ಸುತ್ತಿದೆ."

"ಚಿನ್ನದ್ದಾ?"

"ಚಿನ್ನದ ನೀರು ಕುಡಿಸಿದ್ದು. ನೀಲಿ ಮುಖ."

"ದಿನಕ್ಕೆ ಎಷ್ಟು ನಿಧಾನ?"

"ನಾಲ್ಕು ನಿಮಿಷ ಹಿಂದೇನೇ ಇರುತ್ತೆ."

ಮುದುಕ ಹೊಟ್ಟೆ ಕುಲುಕಿಸಿ ನಕ್ಕ. "ಹೆಸರು ನೋಡಿ ತಗೊಂಡ್ರಿ. ಹೋಗ್ಲಿ ಬಿಡಿ, ಎಲ್ಲರೂ ಒಂದ್ಸಲ ತಗೊಳ್ತಾರೆ."

ನಗುವಾಗ ಅವನ ಬಲಗೈ ಗಡಗಡ ಅಲುಗಿತು. ಮುಂದಿದ್ದ ಕಾಫಿ ಲೋಟವನ್ನು ಅರ್ಧ ಮಾತ್ರ ತುಂಬಿದ್ದು ಯಾಕೆಂದು ಸೊಲಾಂಜ್‌ಗೆ ಆಗ ತಿಳಿಯಿತು. ಅವಳು ನೋಡಿದ್ದನ್ನು ಅವನೂ ನೋಡಿದ.

"ಈಸ್ಟರ್ ಹಬ್ಬ ಮುಗಿದಾಗಿಂದ ಈ ಕೈ ಮುಷ್ಕರ ಹೂಡಿದೆ. ಐವತ್ತಮೂರು ವರ್ಷ ದುಡಿಸಿಕೊಂಡೆನಲ್ಲ, ಕೋಪ ಇರಬೇಕು," ಅಂದ. ಧ್ವನಿಯಲ್ಲಿ ತಮಾಷೆ ಇತ್ತು, ಕಣ್ಣಲ್ಲಿ ಇರಲಿಲ್ಲ. ಸೊಲಾಂಜ್‌ಗೆ ಪಾಪ ಅನ್ನಿಸಿತು.

"ಸರಿ, ಈ ಮೂರರಲ್ಲಿ ಏನು ವ್ಯತ್ಯಾಸ ಹೇಳಿ ನೋಡೋಣ."

"ಹೇಳ್ತೀನಿ. ಈ ಎರಡು ಸಾವಿರದ ಒಂಬೈನೂರರ ಒಳಗಿರೋ ಮಷಿನ್ ಇದೆಯಲ್ಲ, ಅದೇ ಮಷಿನ್ ಈ ಆರುನೂರ ತೊಂಬತ್ತರಲ್ಲೂ ಇದೆ. ಒಂದೇ ಕಾರ್ಖಾನೆ, ಒಂದೇ ಕಣಿವೆ. ಮಿಕ್ಕಿದ್ದು ಡಬ್ಬಿಗೆ, ಜಾಹೀರಾತಿಗೆ, ದೊಡ್ಡ ಊರಿನ ಅಂಗಡಿ ಬಾಡಿಗೆಗೆ. ನಿಮ್ಮಣ್ಣ ಜಾಹೀರಾತು ಕಟ್ಕೊಂಡು ಈಜ್ತಾರಾ?"

"ಅವನು ಚಡ್ಡಿ ಕಟ್ಕೊಂಡ್ರೆ ಸಾಕು."

"ಹಾಗಾದ್ರೆ ನಾಲ್ಕೇ ವಿಷಯ ನೋಡಿ. ಗಾಜು ಸಫೈರ್ ಇರಬೇಕು, ಗೀರು ಬೀಳಬಾರದು. ಕೀ ತಿರುಪಿನದಾಗಿರಬೇಕು, ಬಾಟಲಿ ಮುಚ್ಚಳ ತಿರುಗಿಸಿದ ಹಾಗೆ ಬಿಗಿಯಾಗಿ ಕೂರಬೇಕು. ಹಿಂಬದಿ ಮುಚ್ಚಳವೂ ಅಷ್ಟೇ, ಅದರೊಳಗೆ ನೀರು ತಡೆಯೋ ಒಂದು ರಬ್ಬರ್ ವಾಷರ್. ಇನ್ನು ಗಾಜಿನ ಸುತ್ತ ಇರೋ ಈ ಬಳೆ. ತಿರುಗಿಸಿ ನೋಡಿ."

ಅವಳು ತಿರುಗಿಸಿದಳು. ಕಟಕಟ ಅಂತ ಎಡಕ್ಕೆ ತಿರುಗಿತು. ಬಲಕ್ಕೆ ಜಪ್ಪಯ್ಯ ಅಂದರೂ ಇಲ್ಲ.

"ಒಂದು ಸುತ್ತಿಗೆ ನೂರಿಪ್ಪತ್ತು ಹೆಜ್ಜೆ, ಅರ್ಧ ಅರ್ಧ ನಿಮಿಷಕ್ಕೆ ಒಂದು. ನೀರಿಗಿಳಿಯೋ ಹೊತ್ತಿಗೆ ಬಳೆ ಮೇಲಿರೋ ಈ ತ್ರಿಕೋನವನ್ನ ನಿಮಿಷದ ಮುಳ್ಳಿನ ಎದುರಿಗೆ ತಂದು ನಿಲ್ಲಿಸ್ತಾರೆ. ಆಮೇಲೆ ಮುಳ್ಳು ಎಷ್ಟು ದೂರ ಹೋಯ್ತೋ ಅಷ್ಟು ಹೊತ್ತು ನೀವು ಕೆಳಗಿದ್ದೀರಿ ಅಂತ. ಕಲ್ಲಿಗೆ ತಾಗಿ ಬಳೆ ಒಂದೆರಡು ಹೆಜ್ಜೆ ಜರುಗಿದರೂ ಹೆಚ್ಚು ಹೊತ್ತಾಯ್ತು ಅಂತಲೇ ತೋರಿಸುತ್ತೆ, ಮನುಷ್ಯ ಬೇಗ ಮೇಲೆ ಬರ್ತಾನೆ. ತಪ್ಪಿದರೂ ಜೀವ ಉಳಿಸೋ ಕಡೆಗೇ ತಪ್ಪುತ್ತೆ. ಅದು ಒಳ್ಳೇ ವಾಚು."

ಸೊಲಾಂಜ್ ಆರುನೂರ ತೊಂಬತ್ತರದನ್ನು ಕೈಗೆತ್ತಿಕೊಂಡಳು. "ಇದೇ ಇರಲಿ."

"ಲಿಯೋನಿ!" ಮುದುಕ ಒಳಕ್ಕೆ ಕೂಗಿದ. "ಒಂದು ಪರೀಕ್ಷೆಗಿಡಮ್ಮ!"

ನಲವತ್ತರ ಆಸುಪಾಸಿನ ಮಗಳು ಬಂದಳು. ಹಣೆಯ ಮೇಲೆ ಭೂತಗನ್ನಡಿ, ತುಟಿಯಲ್ಲಿ ಸೂಜಿಯಂಥದ್ದೊಂದು ಆಯುಧ. ಗಿರಾಕಿಯ ಮುಖವನ್ನೂ ನೋಡದೆ ಮಣಿಕಟ್ಟಿನ ಕಡೆ ಒಮ್ಮೆ ಕಣ್ಣು ಹಾಯಿಸಿ, ವಾಚು ತೆಗೆದುಕೊಂಡು ಹೋದಳು.

"ಅವಳು ಹಾಗೇನೇ," ಅಂದ ನ್ಯುಮಾ, ಅರ್ಧ ಹೆಮ್ಮೆ ಅರ್ಧ ಕ್ಷಮೆ. "ಮುಖ ನೆನಪಿರಲ್ಲ ಅವಳಿಗೆ. ಕೈ ನೆನಪಿರುತ್ತೆ. ಹೊಸದಾದರೂ ನಾವು ತೆರೆದು ನೋಡಿ, ನೀರಿನ ಪರೀಕ್ಷೆ ಮಾಡಿ, ಒಳಗಡೆ ಗುರುತು ಹಾಕದೆ ಅಂಗಡಿ ದಾಟಿಸಲ್ಲ. ನಮ್ಮಪ್ಪನ ಕಾಲದಿಂದ ಹಾಗೆ."

ಇದೇ ಸಮಯ ಅಂದುಕೊಂಡಳು ಸೊಲಾಂಜ್.

"ಹಾಗೆ ಪರೀಕ್ಷೆ ಆಗಿದ್ದ ವಾಚಿಗೆ ಹನ್ನೆರಡು ಮೀಟರ್ ಆಳದಲ್ಲಿ ನೀರು ನುಗ್ಗುತ್ತಾ?"

"ಹನ್ನೆರಡಾ?" ಮುದುಕನಿಗೆ ಅವಮಾನವೇ ಆದಂತಿತ್ತು. "ಇನ್ನೂರು ಮೀಟರಿನದು ಮೇಡಂ ಅದು. ಹನ್ನೆರಡಲ್ಲಿ ನೀರು ನುಗ್ಗಿತು ಅಂದ್ರೆ ನಾನು ಈ ಬೋರ್ಡು ಇಳಿಸಿ ಆಲೂಗಡ್ಡೆ ಮಾರ್ತೀನಿ. ಯಾರು ಹೇಳಿದ್ದು?"

"ನಮ್ಮ ಸಾಹೇಬರು. ಅಗ್ಗದ ವಾಚು, ನೀರು ನುಗ್ಗಿದೆ, ಅದರಲ್ಲಿ ನೋಡೋಕೇನಿದೆ ಅಂದರು."

ಅವಳು ಗುರುತಿನ ಚೀಟಿ ತೋರಿಸಿ ಚೀಲವನ್ನು ಹಸಿರು ಬಟ್ಟೆಯ ಮೇಲಿಟ್ಟಳು.

ನ್ಯುಮಾ ಚೀಲವನ್ನು ಬೆಳಕಿಗೆ ಹಿಡಿದು ನೋಡಿದ. "ಗಾಸ್ಪಾರನದು," ಅಂದ ಕೊನೆಗೆ. "ಮಾರ್ಚ್‌ನಲ್ಲಿ ನಾನೇ ಆರಿಸಿಕೊಟ್ಟೆ. ಚೌಕಾಸಿ ಮಾಡಲಿಲ್ಲ, ಥ್ಯಾಂಕ್ಸ್ ಹೇಳಿ ಹೋದ. ಒಳ್ಳೇ ಹುಡುಗ." ಆಮೇಲೆ ಅವಳ ಕಡೆ ನೋಡಿ, "ಗಿರಾಕಿ ಅಂತ ಬಂದು ಹೀಗೆ ಮಾಡಬಾರದಿತ್ತು ನೀವು," ಅಂದ.

"ಮಾಡಬಾರದಿತ್ತು. ಇಪ್ಪತ್ತೆರಡು ವರ್ಷದ ಹುಡುಗಿ ಜೈಲಿಗೆ ಹೋಗ್ತಾಳೆ ಅಂತ ಮಾಡಿದೆ. ಈ ವಾಚಿನ ಮಾತೊಂದನ್ನೇ ನಂಬಿ ಕಳಿಸ್ತಿದಾರೆ ಅವಳನ್ನ. ತೆರೆದು ನೋಡಿ, ನ್ಯುಮಾ ಅವರೇ."

ಮುದ್ರೆಯ ಮೇಲೆ ಗುರುವಾರ ಎಂಟನೇ ತಾರೀಕು, ಸಂಜೆ ಏಳು ಗಂಟೆ ಎಂದಿತ್ತು. ಹೆಣ ಸಿಕ್ಕ ದಿನ ಅವಳ ಸಾಹೇಬರು ಕ್ಯಾಪ್ಟನ್ ರೊಸೆಲೆ ತಾವೇ ವಾಚು ಬಿಚ್ಚಿ, ತಾವೇ ಚೀಲಕ್ಕೆ ಹಾಕಿ ಸಹಿ ಮಾಡಿದ್ದರು. ಸೊಲಾಂಜ್ ಮುದ್ರೆ ಹರಿದಳು.

ಮುದುಕ ವಾಚನ್ನು ಮರದ ಹಿಡಿಕೆಗೆ ಸಿಕ್ಕಿಸಿ, ಎರಡೂ ಕೈಯಲ್ಲಿ ಹಿಡಿಯುವ ಕೀಲಿಯಿಂದ ಮುಚ್ಚಳ ತಿರುಗಿಸಿದ. ಒಳಗೆ ನೀರು ಒಣಗಿದ ಕಲೆ, ಅಲ್ಲಲ್ಲಿ ತುಕ್ಕು. ರೋಗಿಯ ಬಾಯಿ ನೋಡುವ ಡಾಕ್ಟರಂತೆ ಬಗ್ಗಿ ನೋಡಿದ.

"ವಾಷರ್ ಇಲ್ಲ."

"ಹರಿದಿದೆಯಾ?"

"ಹರಿದಿದ್ದರೆ ಚೂರಾದರೂ ಇರಬೇಕಲ್ಲ. ತೆಗೆದಿದ್ದಾರೆ. ನೀಟಾಗಿ ತೆಗೆದಿದ್ದಾರೆ."

ಈಗ ತಾನೇ ಕಲಿತ ಪಾಠ ಸೊಲಾಂಜ್ ತಲೆಯಲ್ಲಿ ತಿರುಗತೊಡಗಿತು. ವಾಚಿನ ಮುಖ ತನ್ನ ಕಡೆ ಮಾಡಿಕೊಂಡಳು. ಬಳೆಯ ತ್ರಿಕೋನ ಇಪ್ಪತ್ತೈದನೇ ನಿಮಿಷದ ಎದುರಿಗಿತ್ತು. ಮುಳ್ಳುಗಳು ನಾಲ್ಕು ಹತ್ತು ತೋರಿಸುತ್ತಿದ್ದವು.

"ವಾಷರ್ ಇಲ್ಲದೆ ನೀರಿಗಿಳಿದರೆ ಎಷ್ಟು ಹೊತ್ತು ಓಡುತ್ತೆ ಇದು?"

"ಎಷ್ಟು ಹೊತ್ತು? ಒಂದು ನಿಮಿಷ, ಹೆಚ್ಚು ಅಂದ್ರೆ ಎರಡು."

"ಆದರೆ ಅವನು ತ್ರಿಕೋನವನ್ನ ಇಪ್ಪತ್ತೈದಕ್ಕೆ ಇಟ್ಟು ಇಳಿದಿದ್ದಾನೆ. ಇಪ್ಪತ್ತೈದರಿಂದ ಹತ್ತಕ್ಕೆ ನಲವತ್ತೈದು ನಿಮಿಷ. ವಾಷರ್ ಇಲ್ಲದ ವಾಚು ನಲವತ್ತೈದು ನಿಮಿಷ ನೀರಲ್ಲಿ ಓಡಿತಾ?"

ನ್ಯುಮಾ ಬಗ್ಗಿ ಬಳೆಯ ಹೆಜ್ಜೆ ಎಣಿಸಿದ. "ಬಳೆ ಜರುಗಿದ್ದು ಅನ್ನೋಕೂ ಆಗಲ್ಲ. ಒಂದೆರಡು ಹೆಜ್ಜೆ ಜರುಗಬಹುದು, ತೊಂಬತ್ತು ಹೆಜ್ಜೆ ಜರುಗಲ್ಲ," ಅಂದ ಮೆಲ್ಲಗೆ. "ಅಯ್ಯಯ್ಯೋ. ಮುಳ್ಳು ಯಾರೋ ತಿರುಗಿಸಿದ್ದಾರೆ. ಬಳೆ ಮರೆತಿದ್ದಾರೆ."

ಬಳೆ ಹೇಳುವುದು ನಿಮಿಷ ಮಾತ್ರ, ಆದರೆ ಐದಕ್ಕೆ ಅವನು ದಡದಲ್ಲಿದ್ದನೆಂದರೆ ಅದು ಐದು ಇಪ್ಪತ್ತೈದು! ಎಲೋಡಿ ಐದಕ್ಕೆ ಹೊರಟಳು, ಗಾಸ್ಪಾರ್ ಐದು ಇಪ್ಪತ್ತೈದಕ್ಕೆ ಇಳಿದ. ಹುಡುಗಿ ಹೇಳಿದ್ದಕ್ಕೆ ತಾಳೆ ಬೀಳುತ್ತಿತ್ತು. ಸೊಲಾಂಜ್‌ಗೆ ಆ ಮುದುಕನನ್ನು ಅಪ್ಪಿಕೊಳ್ಳುವಷ್ಟು ಖುಷಿಯಾಯಿತು.

ಆದರೆ ಮುದುಕ ಈಗ ಮುಚ್ಚಳದ ಒಳಮೈ ನೋಡುತ್ತಿದ್ದ. ಮುಚ್ಚಳವನ್ನು ಮಗುಚಿ ಬಟ್ಟೆಯ ಮೇಲಿಟ್ಟು ಅಂಗೈ ಮುಚ್ಚಿದ.

"ಕೈ ತೆಗೀರಿ, ನ್ಯುಮಾ ಅವರೇ."

"ಏನಿಲ್ಲ. ನನ್ನದೇ ಗುರುತು."

"ಕೈ ತೆಗೀರಿ."

ತೆಗೆದ. ಭೂತಗನ್ನಡಿಯಲ್ಲಿ ಎರಡು ಗುರುತು ಕಂಡವು, ಸೂಜಿಮೊನೆಯಲ್ಲಿ ಗೀಚಿದಷ್ಟು ಸಣ್ಣವು. ಒಂದು ನ್ಯುಮಾನ ಹೆಸರಿನ ಎರಡಕ್ಷರ, ಪಕ್ಕದಲ್ಲಿ ಮಾರ್ಚ್ ಹದಿನಾಲ್ಕು. ಇನ್ನೊಂದು ಮೂರು ಗೀರಿನ, ಕ್ರಿಸ್‌ಮಸ್ ಮರದಂಥ ಪುಟ್ಟ ಫರ್ ಮರ, ಪಕ್ಕದಲ್ಲಿ ಮೇ ಒಂಬತ್ತು.

"ಈ ಮರ ಯಾರದು?"

"ನಂದೇ ಅಂದೆನಲ್ಲ. ಕೆಲವು ಸಲ ಹೀಗೆ ಹಾಕ್ತೀನಿ, ಕೆಲವು ಸಲ ಹಾಗೆ. ಒಂಬತ್ತನೇ ತಾರೀಕು ನಾನೇ ತೆರೆದೆ."

"ಒಂಬತ್ತು ಶುಕ್ರವಾರ. ಎಂಟರ ಸಂಜೆ ಏಳರಿಂದ ಇದು ನಮ್ಮ ಬೀರುವಿನಲ್ಲಿತ್ತು. ಬೀರುವಿನೊಳಗೆ ಬಂದು ತೆರೆದ್ರಾ?"

ಸುಳ್ಳು ಹೇಳಿ ರೂಢಿಯಿಲ್ಲದ ಮನುಷ್ಯ, ಮೊದಲ ಹೆಜ್ಜೆಗೇ ಹಳ್ಳಕ್ಕೆ ಬಿದ್ದಿದ್ದ.

ಸೊಲಾಂಜ್ ಸೂಜಿಯನ್ನೂ ಒಂದು ಹಳೆಯ ಮುಚ್ಚಳವನ್ನೂ ಅವನ ಮುಂದೆ ಸರಿಸಿದಳು. ಮಾಡುತ್ತಿರುವುದು ಕಟುಕರ ಕೆಲಸವೆಂದು ಗೊತ್ತಿದ್ದೂ ಸರಿಸಿದಳು. "ಇದರ ಮೇಲೆ ಆ ಮರ ಬರೀರಿ."

ಅವನು ಸೂಜಿ ಹಿಡಿದ. ಮೊನೆ ಲೋಹದ ಮೇಲೆ ಕುಣಿಯಿತು, ಜಾರಿತು, ಉದ್ದಕ್ಕೊಂದು ಗೀರು ಬಿತ್ತು. ಇನ್ನೊಮ್ಮೆ ಪ್ರಯತ್ನಿಸಿದ. ಎಡಗೈಯಿಂದ ಬಲಗೈ ಅದುಮಿಕೊಂಡು ಮತ್ತೊಮ್ಮೆ.

"ಸಾಕು, ಬಿಡಿ," ಅಂದಳು ಅವಳು. "ನಿಮ್ಮ ಕೈ ಈಸ್ಟರ್‌ನಿಂದ ಮುಷ್ಕರ ಹೂಡಿದೆ. ಮೇ ತಿಂಗಳ ಗುರುತು ನಿಮ್ಮದಾಗೋಕೆ ಸಾಧ್ಯವಿಲ್ಲ. ಯಾರನ್ನ ಕಾಪಾಡ್ತಿದ್ದೀರಿ?"

ಉತ್ತರ ಒಳಬಾಗಿಲಿನಿಂದ ಬಂತು.

"ಇಗೋ ಮೇಡಂ, ಪಾಸಾಯ್ತು ನಿಮ್ಮ ವಾಚು." ಲಿಯೋನಿ ತಟ್ಟೆ ಹಿಡಿದು ಬಂದಳು. ಮುಚ್ಚುವ ಮುಂಚೆ ಗಿರಾಕಿಗೆ ಒಳಗನ್ನು ತೋರಿಸುವುದು ಆ ಅಂಗಡಿಯ ಪದ್ಧತಿ. ಎಮಿಲಣ್ಣನ ವಾಚು ಬೆನ್ನು ಬಿಚ್ಚಿಕೊಂಡು ಮಲಗಿತ್ತು, ಪಕ್ಕದಲ್ಲಿ ಅದರ ಮುಚ್ಚಳ. ಮುಚ್ಚಳದ ಒಳಮೈ ಮೇಲೆ ಹೊಳೆಯುವ ಹೊಸ ಗೀರು. ಮೂರು ಗೀರಿನ ಪುಟ್ಟ ಫರ್ ಮರ. ಮೇ ಹದಿಮೂರು.

ಲಿಯೋನಿ ಅಪ್ಪನ ಮುಖ ನೋಡಿದಳು, ಬಟ್ಟೆಯ ಮೇಲಿದ್ದ ಇನ್ನೊಂದು ಮುಚ್ಚಳ ನೋಡಿದಳು.

"ಅದು ಇಲ್ಲಿಗೆ ಹೇಗೆ ಬಂತು?" ಅಂದಳು.

"ಮಗಳೇ, ಬಾಯಿ ಮುಚ್ಚು," ಅಂದ ನ್ಯುಮಾ. "ಒಂದು ಮಾತೂ ಆಡಬೇಡ. ವಕೀಲರನ್ನ ಕರೆಸ್ತೀನಿ."

"ಯಾಕಪ್ಪಾ? ನಾನೇನು ಮಾಡಿದೆ?"

"ಅದು ಗಾಸ್ಪಾರನ ವಾಚು!"

ಲಿಯೋನಿ ಕೈಯಲ್ಲಿದ್ದ ತಟ್ಟೆಯನ್ನು ಮೇಜಿಗೆ ಕುಕ್ಕಿದಳು. "ಇಲ್ಲ... ಆ ಮಾಡೆಲ್ಲು ಈ ವರ್ಷ ಮೂವತ್ತು ಮಾರಿದ್ದೀವಿ. ಬೆಲ್ಟ್ ಬಿಚ್ಚಿ ತಂದಿದ್ದರು. ನನಗೆ ಹೇಗೆ ಗೊತ್ತಾಗಬೇಕು?"

"ಯಾರು ತಂದಿದ್ದರು? ಕೂತ್ಕೊಳ್ಳಿ," ಅಂದಳು ಸೊಲಾಂಜ್. "ನಿಧಾನಕ್ಕೆ ಹೇಳಿ."

ಅಷ್ಟರಲ್ಲಿ ಊರಿನ ಗಂಟೆ ಹನ್ನೆರಡು ಹೊಡೆಯಿತು. ಲಿಯೋನಿ ಎದ್ದು ಹೋಗಿ ಬಾಗಿಲ ಚಿಲಕ ಹಾಕಿ, 'ಮುಚ್ಚಿದೆ' ಹಲಗೆ ತಿರುಗಿಸಿ, ಮತ್ತೆ ಬಂದು ಕೂತಳು. ಪ್ರಳಯವಾದರೂ ಆ ಊರಲ್ಲಿ ಹನ್ನೆರಡಕ್ಕೆ ಅಂಗಡಿ ಮುಚ್ಚುತ್ತಾರೆ.

"ಶುಕ್ರವಾರ ಬೆಳಿಗ್ಗೆ. ಅಪ್ಪ ಕೈ ತೋರಿಸೋಕೆ ಡಾಕ್ಟರ ಹತ್ತಿರ ಹೋಗಿದ್ದರು. ಒಬ್ಬರು ಬಂದರು. ಮುಚ್ಚಳ ತೆರೆದು ವಾಷರ್ ತೆಗೆದುಕೊಡಿ ಅಂದರು. ಡೈವಿಂಗ್ ಕಲಿಯೋ ಹುಡುಗರಿಗೆ ತೋರಿಸಬೇಕಂತೆ, ವಾಷರ್ ಇಲ್ಲದಿದ್ದರೆ ವಾಚಿನ ಗತಿ ಏನಾಗುತ್ತೆ ಅಂತ. ನನಗೆ ಹೊಟ್ಟೆ ಉರಿಯಿತು. ಅಷ್ಟು ಚೆನ್ನಾಗಿ ಓಡ್ತಿತ್ತು ಅದು."

"ಓಡ್ತಿತ್ತಾ?"

"ಒಂದು ಸೆಕೆಂಡೂ ಆಚೀಚೆ ಇರಲಿಲ್ಲ."

ನ್ಯುಮಾ ಕಣ್ಣು ಒರೆಸಿಕೊಂಡ. ಮಗಳು ಕೊಲೆಗಾತಿಯಲ್ಲ ಅಂತಲೋ, ತಾನು ಆರಿಸಿದ ವಾಚು ಸರೋವರದ ತಳದಲ್ಲಿ ಹೆಣದ ಕೈಯಲ್ಲೂ ತಪ್ಪದೆ ಓಡಿತ್ತು ಅಂತಲೋ. ಎರಡೂ ಇರಬೇಕು.

"ಗುರುತು ಹಾಕಿದ್ದು ಅವರಿಗೆ ಗೊತ್ತಾ?"

"ಸೂಜಿ ಎತ್ತಿಕೊಂಡಾಗ, ಬೇಡಮ್ಮ ಅದೆಲ್ಲ ಅಂದರು. ನಾನು, ಇಲ್ಲ ಸಾರ್, ಇಲ್ಲಿ ಗುರುತಿಲ್ಲದೆ ಮುಚ್ಚಳ ಮುಚ್ಚೋ ಅಭ್ಯಾಸವಿಲ್ಲ ಅಂದೆ. ಹಾಕಿಕೋ, ಒಳಗಡೆ ಯಾರು ನೋಡ್ತಾರೆ ಅಂತ ನಕ್ಕರು."

"ನೋಡೋಕೆ ಹೇಗಿದ್ದರು?"

ಲಿಯೋನಿ ಕಷ್ಟಪಟ್ಟು ನೆನಪಿಸಿಕೊಳ್ಳಲು ನೋಡಿದಳು. "ಮುಖ... ವಯಸ್ಸಾದವರು. ಟೋಪಿ ಇತ್ತು. ಮುಖ ನೆನಪಿಲ್ಲ ಮೇಡಂ. ಕೈ ನೆನಪಿದೆ. ವಾಚು ಬಲಗೈಗೆ ಕಟ್ಟಿದ್ದರು. ಚಿನ್ನದ ನೀರಿನ ಕೇಸು, ನೀಲಿ ಮುಖ. ಕೀ ಎಡಗಡೆ."

ಸೊಲಾಂಜ್ ಮೇಜಿನ ಅಂಚು ಹಿಡಿದುಕೊಂಡಳು. ನ್ಯುಮಾ ಅವಳ ಕಡೆ ತಿರುಗಿ ನೋಡಿದ.

"ನಾಲ್ಕು ನಿಮಿಷ ಹಿಂದೆ ಇತ್ತು," ಅಂದಳು ಲಿಯೋನಿ, ಇಬ್ಬರ ಮುಖವನ್ನೂ ಗಮನಿಸದೆ. "ಸರಿ ಮಾಡಿಕೊಡ್ಲಾ ಸಾರ್ ಅಂದೆ. ಬೇಡಮ್ಮ, ಇದು ನನ್ನ ಮಗಳಂಥವಳು ಆರಿಸಿಕೊಟ್ಟಿದ್ದು, ಅವಳು ಕೊಟ್ಟ ಹಾಗೇ ಇರಲಿ ಅಂದರು. ಎಷ್ಟು ಒಳ್ಳೆಯವರು ಅಂದುಕೊಂಡೆ."

ಹತ್ತೊಂಬತ್ತು ವರ್ಷ. ಕೆಲಸ ಕಲಿಸಿದ ಸಾಹೇಬರು. ಬೀರುವಿನ ಕೀಲಿಯೂ ಠಾಣೆಯ ಮುದ್ರೆಯೂ ಅವರ ಕೈಯಲ್ಲೇ ಇದ್ದವು. ಅಮ್ಮ ತೀರಿಕೊಂಡಾಗ ಮೂರು ದಿನ ಮನೆಗೆ ಸೂಪು ಹೊತ್ತು ತಂದವರು. ಬೆಳಿಗ್ಗೆ ದಾರಿಯಲ್ಲಿ ಫೋನು ಮಾಡಿ, ಎಲ್ಲಿದ್ದೀಯ ಮಗಳೇ ಅಂದಿದ್ದರು. ವಾಚಿನಂಗಡಿಗೆ ಅಂದಾಗ ಒಂದು ಕ್ಷಣ ಸುಮ್ಮನಿದ್ದು, ಯಾವ ಅಂಗಡಿ ಅಂತ ಕೇಳಿದ್ದರು. ಕಾಳಜಿ ಅಂದುಕೊಂಡು ಅವಳು ಹೆಸರು, ಬೀದಿ, ಎಲ್ಲ ಹೇಳಿದ್ದಳು.

"ಯಾರು ಅವರು, ನಿಮಗೆ ಗೊತ್ತಾ?" ಅಂತ ಕೇಳಿದಳು ಲಿಯೋನಿ.

"ಆ ವಾಚು ಆರಿಸಿದವಳು ನಾನೇ," ಅಂದಳು ಸೊಲಾಂಜ್. ಸ್ವರ ತನ್ನದೆಂದು ಅವಳಿಗೇ ಅನ್ನಿಸಲಿಲ್ಲ. ಮುಚ್ಚಳವೆರಡನ್ನೂ ಬಾಚಿ ಜೇಬಿಗೆ ಹಾಕಿಕೊಂಡಳು. "ಹಿತ್ತಲ ಬಾಗಿಲಿದೆಯಾ ಇಲ್ಲಿ?"

ಯಾರೋ ಬಾಗಿಲ ಗಾಜು ತಟ್ಟಿದರು. ಮೆಲ್ಲಗೆ, ಪರಿಚಯದವರು ತಟ್ಟುವ ಹಾಗೆ, ಮೂರು ಸಲ.

'ಮುಚ್ಚಿದೆ' ಹಲಗೆ ಮುಖವನ್ನು ಮರೆಮಾಡಿತ್ತು. ಅದರ ಕೆಳಗೆ ಗಾಜಿನ ಮೇಲೆ ಒಂದು ಬಲಗೈ ಕಾಣುತ್ತಿತ್ತು, ಕೋಟಿನ ತೋಳು ಮೇಲೆ ಸರಿದಿತ್ತು.

ಲಿಯೋನಿ ಅಪ್ಪನ ತೋಳು ಹಿಡಿದುಕೊಂಡಳು.

"ಮೇಡಂ, ಅದೇ ಕೈ."